ನಲವತ್ತೊಂದು ಅನ್ನು, ಅಪ್ಪಾ

ತುಕ್ಕಾನಟ್ಟಿ, ತಾ. ಮೂಡಲಗಿ
ದಿ. 19-1-2025, ರವಿವಾರ

ಪ್ರೀತಿಯ ಅಪ್ಪಾ,

ತಂದೆಗೆ ಪತ್ರ ಬರೆಯುವಾಗ ‘ತೀರ್ಥರೂಪ’ ಎಂದು ಶುರು ಮಾಡಬೇಕು, ‘ಶಿರಸಾಷ್ಟಾಂಗ ನಮಸ್ಕಾರಗಳು’ ಎನ್ನಬೇಕು ಎಂದು ಸಾಲಿಯಲ್ಲಿ ಕನ್ನಡದ ಗುರುಗಳು ಕಲಿಸಿದ್ದರು. ನಮಸ್ಕಾರ ಮಾಡಿದ್ದೇನೆ, ತಗೊ. ಉಳಿದದ್ದನ್ನು ಬರೆಯಲು ಈ ಸಲ ಕೈ ಬರುತ್ತಿಲ್ಲ, ನಿನ್ನ ಮೇಲೆ ಅಷ್ಟು ಸಿಟ್ಟು ಬಂದಿದೆ. ಇರಲಿ, ಸಿಟ್ಟು ಆಮೇಲೆ. ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ನೀವು ಹಿಂಡು ಹೊಡೆದುಕೊಂಡು ಹೋಗಿರುವ ಆಜರಾ ಘಾಟದ ಕಡೆ ಚಳಿ ಬಹಳವಂತೆ. ಹೊಸ ಕಂಬಳಿಯನ್ನು ಹೊದೆಯುತ್ತೀಯೋ, ಇಲ್ಲ ಅದನ್ನೂ ಈದ ಕುರಿಗೆ ಹೊದಿಸಿ ನೀನು ನಡುಗುತ್ತಾ ಕೂತಿದ್ದೀಯೋ? ಅವ್ವನ ಕೆಮ್ಮು ಕಡಿಮೆಯಾಯಿತೇ? ಅವಳಿಗೆ ಒಲೆಯ ಹೊಗೆಯಲ್ಲಿ ಹೆಚ್ಚು ಹೊತ್ತು ಕೂರಬೇಡ ಎಂದು ಹೇಳು. ಮೋತಿ ನಾಯಿಯ ಕಾಲಿನ ಗಾಯ ಮಾದಿರಬೇಕು. ಇಲ್ಲಿ ನಿನ್ನ ತಾಯಿ, ನನ್ನ ಆಯಿ, ಗಟ್ಟಿಯಾಗಿದ್ದಾಳೆ. ಎಷ್ಟು ಗಟ್ಟಿ ಎಂಬುದು ಮುಂದೆ ಓದಿದರೆ ನಿನಗೇ ತಿಳಿಯುತ್ತದೆ. ಸಂಕ್ರಮಣದ ಎಳ್ಳು ಬೆಲ್ಲ, ಎರಡು ಡಬ್ಬಿ ಶೇಂಗಾ ಚಟ್ನಿ, ಹದಿನೈದು ದಿನದ ಜೋಳದ ಹಿಟ್ಟು ಎಲ್ಲವನ್ನೂ ಕಟ್ಟಿ ಇಟ್ಟಿದ್ದಾಳೆ. ಮಾಲಿಂಗ ಕಾಕಾ ಇವತ್ತು ಮಧ್ಯಾಹ್ನ ತನ್ನ ಮೋಟರ್‌ಸೈಕಲ್ ಮೇಲೆ ಹೇರಿಕೊಂಡು ನಿಮ್ಮ ಕಡೆ ಹೊರಡುತ್ತಾನೆ. ಈ ಪತ್ರವೂ ಹಿಟ್ಟಿನ ಚೀಲದ ಜೊತೆಗೇ ಬರುತ್ತದೆ. ನಾಲ್ಕನೇ ಇಯತ್ತೆ ಓದಿದವನಿಗೆ ಕಷ್ಟವಾಗಬಾರದೆಂದು ಅಕ್ಷರ ದಪ್ಪದಪ್ಪ ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಆಗದಿದ್ದರೆ ಎರಡು ದಿನ ತಗೊ, ಆದರೆ ಮೂರು ದಿನ ತಗೋಬೇಡ.

ಈ ಕಾಲದಲ್ಲಿ ಪತ್ರ ಯಾಕೆ ಎಂದು ಹಾಸ್ಟೆಲಿನ ಗೆಳತಿಯರು ನಗುತ್ತಾರೆ. ಅವರಿಗೆ ನಿನ್ನ ಫೋನಿನ ವಿಷಯ ಗೊತ್ತಿಲ್ಲ. “ಆಫ್ ಇಟ್ರ ಚಾರ್ಜ್ ಉಳಿತೈತಿ” ಎಂದು ಅದನ್ನು ಬಟ್ಟೆಯಲ್ಲಿ ಸುತ್ತಿ ಹಿಟ್ಟಿನ ಡಬ್ಬಿಯಲ್ಲಿ ಇಡುವವನು ಜಗತ್ತಿನಲ್ಲಿ ನೀನೊಬ್ಬನೇ. ಸ್ಕಾಲರ್‌ಶಿಪ್ ಅರ್ಜಿಗೆ ನಿನ್ನ ಆಧಾರ್ ಸೇರಿಸುವಾಗ ನಿನ್ನ ಫೋನಿಗೆ ಒಂದು ನಂಬರ್ ಬರುತ್ತದೆ, ಅದನ್ನು ಹತ್ತು ನಿಮಿಷದಲ್ಲಿ ಹೇಳಬೇಕು. ಆ ನಂಬರಿನ ಆಯುಷ್ಯ ಹತ್ತು ನಿಮಿಷ, ನಿನ್ನ ಫೋನು ಏಳುವುದು ಹದಿನೈದು ದಿನಕ್ಕೊಮ್ಮೆ. ಮೂಡಲಗಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟು ಅರ್ಜಿ ತುಂಬಿಕೊಡುವ ಶ್ರೀಶೈಲ ಅಣ್ಣ ಆರು ಸಲ ಆ ಗುಂಡಿ ಒತ್ತಿ, ಏಳನೇ ಸಲ ಕೈ ಮುಗಿದುಬಿಟ್ಟ. ಕೊನೆಗೆ ನವೆಂಬರಿನಲ್ಲಿ ನೀನೇ ಬಂದಾಗ ಅದೊಂದು ಮುಗಿಯಿತು. ಅಲ್ಲಿಗೆ ಗಂಗೆ ತಂದಂತೆ ಆಯಿತು ಎಂದುಕೊಂಡಿದ್ದೆ. ಇನ್ನು ಆದಾಯದ ಪ್ರಮಾಣಪತ್ರ ಒಂದು ಬಂದರೆ ಸಾಕಾಗಿತ್ತು.

ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಡಿಸೆಂಬರಿನಲ್ಲಿ ನಿನಗೊಂದು ಫೋನು ಬಂದಿತ್ತು, ನೆನಪಿದೆಯೇ? ಹದಿನೈದು ದಿನದಲ್ಲಿ ಒಂದೇ ಒಂದು ದಿನ ನೀನು ಫೋನು ಚಾಲೂ ಇಟ್ಟಿದ್ದೆ, ಅವತ್ತೇ ಬರಬೇಕೇ ಅದು! ಮಾಡಿದವರು ನಮ್ಮ ತಲಾಟಿ ಸಾಹೇಬರು. ಪ್ರಮಾಣಪತ್ರ ಕೊಡುವ ಮೊದಲು ಮನೆಯ ಯಜಮಾನನನ್ನು ವಿಚಾರಿಸಬೇಕು, ಅದು ಅವರ ಕೆಲಸ. ನೀನು ಊರಲ್ಲಿಲ್ಲ ಎಂದು ಫೋನಿನಲ್ಲಿ ಕೇಳಿದರು. ಕುರಿ ಎಷ್ಟು ಎಂದರು. ನೀನು ಏನು ಹೇಳಿದೆ? “ಎರಡನೂರಾ ಎಂಬತ್ತಾರು ಅದಾವ್ರಿ, ಎಲ್ಲಾ ನನ್ನೂವ” ಎಂದೆ. ಅವರು ಅದನ್ನೇ ಬರೆದುಕೊಂಡರು. ಯಾರಾದರೂ ಅದನ್ನೇ ಬರೆದುಕೊಳ್ಳುತ್ತಾರೆ. ಜನವರಿ ಮೂರಕ್ಕೆ ಪ್ರಮಾಣಪತ್ರ ಕೈಗೆ ಬಂದಾಗ ಶ್ರೀಶೈಲ ಅಣ್ಣ ಅದನ್ನು ಎರಡೆರಡು ಸಲ ಓದಿ, ಕನ್ನಡಕ ತೆಗೆದು ನನ್ನ ಮುಖ ನೋಡಿದ. “ಏನವಾ ಕಸ್ತೂರಿ, ನಿಮ್ಮಪ್ಪ ಇಷ್ಟ ದೊಡ್ಡ ಸಾವ್ಕಾರಂತ ನಮಗ ಗೊತ್ತ ಇರಲಿಲ್ಲಲ್ಲ!” ಎಂದ. ಅಂಗಡಿಯಲ್ಲಿ ಕಬ್ಬಿನ ಬಿಲ್ಲಿನ ಝೆರಾಕ್ಸ್ ತೆಗೆಸಲು ನಿಂತಿದ್ದ ನಾಲ್ಕು ಜನ ನಕ್ಕರು. ನಾನು ನಗಲಿಲ್ಲ. ಸ್ಕಾಲರ್‌ಶಿಪ್‌ಗೆ ಇರುವ ಮಿತಿಯನ್ನು ನಮ್ಮ ಆದಾಯ ದಾಟಿ ಎಲ್ಲೋ ಹೋಗಿತ್ತು. ಅರ್ಜಿ ಹಾಕಿದ ಕೂಡಲೇ ಅದು ತಾನಾಗಿಯೇ ಅನರ್ಹ ಎಂದು ತೋರಿಸಿತು.

ಅಪ್ಪಾ, ನಮ್ಮ ಕುರಿ ನಲವತ್ತೊಂದು. ನಿನಗೂ ಗೊತ್ತು, ನನಗೂ ಗೊತ್ತು, ಮೋತಿಗೂ ಗೊತ್ತು. ಎಂಬತ್ತು ಉದ್ದಪ್ಪ ಕಾಕಾನವು, ಅರವತ್ತೈದು ಅಣ್ಣಾಸಾಹೇಬ ಮಾಮಾನವು, ನೂರು ಕಿರಾಣಿ ಅಂಗಡಿಯ ಸೋಮಶೇಖರ ಸಾವ್ಕಾರ್ರವು. ನೀನು ಅವನ್ನು ಪಾಲಿಗೆ ಕಾಯುತ್ತೀಯ, ಯುಗಾದಿಗೆ ಹುಟ್ಟಿದ ಮರಿಗಳಲ್ಲಿ ಅವರ ಪಾಲು ಅವರಿಗೆ, ನಿನ್ನ ಪಾಲು ನಿನಗೆ. ಕಿವಿಗೆ ಹಾಕಿದ ಗುರುತಿನ ಕಚ್ಚಿನ ಮೇಲೆ ಕೈಯಾಡಿಸಿ ಯಾವುದು ಯಾರದೆಂದು ಕತ್ತಲಲ್ಲೂ ಹೇಳುವವನು ನೀನು. ಆದರೆ ಬಾಯಿ ಬಿಟ್ಟು ಹೇಳು ಎಂದರೆ ಮಾತ್ರ ಹೇಳುವುದಿಲ್ಲ. “ಹಿಂಡಿನಾಗಿನ ಕುರೀನ ಪರರದು ಅನಬಾರದವಾ, ಅಂದ್ರ ತೋಳ ಅದನ್ನ ಮೊದಲ ಒಯ್ಯತೈತಿ” ಎಂದು ನನಗೆ ಆರು ವರ್ಷವಿದ್ದಾಗ ಹೇಳಿಕೊಟ್ಟಿದ್ದೆ. ನಿಮ್ಮಪ್ಪ ನಿನಗೆ ಹೇಳಿಕೊಟ್ಟದ್ದಂತೆ. ಕಾಯಲು ಕೊಟ್ಟ ಮೇಲೆ ಅದು ಕಾಯುವವನದೇ, ಬದುಕಿದರೂ ಅವನದು, ಸತ್ತರೂ ಅವನದು. ಸಣ್ಣವಳಿದ್ದಾಗ ಈ ಮಾತು ಕೇಳಿ ನನಗೆ ಹೆಮ್ಮೆಯಾಗಿತ್ತು. ಮೂರು ವರ್ಷದ ಹಿಂದೆ ಬಾಯಿಬೇನೆ ಬಂದು ಉದ್ದಪ್ಪ ಕಾಕಾನ ಹನ್ನೆರಡು ಕುರಿ ಸತ್ತಾಗ, ನೀನು ನಮ್ಮ ಹನ್ನೆರಡು ಕುರಿಗಳ ಕಿವಿಗೆ ಅವನ ಕಚ್ಚು ಹಾಕಿಕೊಟ್ಟೆಯಲ್ಲ, ಅವತ್ತಿನಿಂದ ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಈ ಮಾತಿನಿಂದಲೇ ನಾವು ಬಡವರಾಗಿದ್ದೇವೆ, ಈ ಮಾತಿನಿಂದಲೇ ಈಗ ಕಾಗದದ ಮೇಲೆ ಸಾವ್ಕಾರರೂ ಆಗಿದ್ದೇವೆ. ತೋಳಕ್ಕೆ ಅಂಜಿ ನೀನು ಎಲ್ಲವನ್ನೂ ನಿನ್ನವೇ ಎಂದೆ, ಆ ತೋಳ ಈಗ ನಮ್ಮ ಮನೆಗೇ ಬಂದು ನನ್ನ ಪುಸ್ತಕದ ಚೀಲಕ್ಕೆ ಬಾಯಿ ಹಾಕಿದೆ. ಸತ್ಯ ಹೇಳುತ್ತೇನೆ, ನೀನು ಹೀಗೆ ಅಂದದ್ದು ಬರೀ ಡೌಲಿಗೆ ಎಂದೇ ನನಗೆ ಅನ್ನಿಸುತ್ತದೆ. ಸರಕಾರಿ ಮನುಷ್ಯ ಕೇಳಿದನೆಂದು ಮೀಸೆ ತಿರುವಿ ಹೇಳಿರಬೇಕು. ಮಗಳ ಗತಿ ಏನಾಗುತ್ತದೆಂದು ಒಂದು ಚಣವೂ ಯೋಚಿಸಲಿಲ್ಲ.

ಆಗಿರುವ ಗತಿ ಹೀಗಿದೆ. ನಿಡಸೋಸಿಯ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿದ್ದು ನನ್ನ ಅಂಕಗಳ ಮೇಲೆ, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಆದರೆ ಈ ವರ್ಷದ ಫೀಯನ್ನೂ ಹಾಸ್ಟೆಲಿನದನ್ನೂ ಸ್ಕಾಲರ್‌ಶಿಪ್ಪಿನಿಂದ ತುಂಬುತ್ತೇನೆ ಎಂದು ಬರೆದುಕೊಟ್ಟಿದ್ದೇನೆ. ಆಫೀಸಿನ ದಾಕ್ಷಾಯಿಣಿ ಮೇಡಮ್ಮು ಒಳ್ಳೆಯವರು. “ಅರ್ಜಿ ಒಳಗ ಹೋಗೈತಿ ಅಂತ ಒಂದ ಕಾಗದ ತಂದ ಕೊಡವಾ, ಅಲ್ಲೀತನಕ ನಾ ಸಂಭಾಳಿಸ್ತೇನಿ” ಎಂದಿದ್ದಾರೆ. ಅರ್ಜಿಗೆ ಕೊನೆಯ ದಿನ ಜನವರಿ ಮೂವತ್ತೊಂದು. ಅದು ತಪ್ಪಿದರೆ ನಾನು ಟ್ರಂಕು ಹೊತ್ತುಕೊಂಡು ಊರಿಗೆ ಬರುವುದೇ. ಕುರಿ ಮಾರಿ ಫೀ ತುಂಬುತ್ತೇನೆ ಎಂದು ನೀನು ಈಗಲೇ ಮನಸ್ಸಿನಲ್ಲಿ ಅಂದುಕೊಂಡಿರುತ್ತೀ, ನಿನ್ನ ಬುದ್ಧಿ ನನಗೆ ಗೊತ್ತು. ಇರುವ ನಲವತ್ತೊಂದರಲ್ಲಿ ಈ ವರ್ಷ ಅರ್ಧ ಮಾರಿದರೆ ಮುಂದಿನ ವರ್ಷ ಉಳಿದರ್ಧ, ಆಮೇಲಿನ ಎರಡು ವರ್ಷ ಏನು ಮಾರುತ್ತೀ, ಮೋತಿಯನ್ನೇ? ಆ ಯೋಚನೆಯನ್ನು ಬಿಟ್ಟುಬಿಡು.

ನಾನು ಐದು ದಿನ ರಜೆ ಹಾಕಿ ಬಂದೆ. ನಿಡಸೋಸಿಯಿಂದ ಗೋಕಾಕ, ಅಲ್ಲಿ ಬಸ್ಸು ಬದಲಿಸಿ ಮೂಡಲಗಿ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಒಂದರ ಹಿಂದೆ ಎರಡೆರಡು ಟ್ರೇಲರು, ಬಸ್ಸು ಅವುಗಳ ಹಿಂದೆ ತೆವಳಿತು. ತಲಾಟಿ ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಪಾಪ. “ನಿಮ್ಮಪ್ಪನ ಬಾಯಿಂದ ಬಂದದ್ದನ್ನ ನಾ ಬರದೇನಿ. ಯಾರ ಕುರಿ ಯಾರವು ಅಂತ ಅವರವರ ಬಂದು ಹೇಳ್ಲಿ, ಪಂಚನಾಮೆ ಮಾಡೂನು. ಆಮ್ಯಾಲ ನಿಮ್ಮಪ್ಪನೂ ಬಂದು ನನ್ನೂವು ಇಷ್ಟ ಅಂತ ಹೇಳಿ ಸಹಿ ಮಾಡ್ಲಿ. ಎರಡ ದಿನದಾಗ ಹೊಸಾದು ಕೊಡಸ್ತೇನಿ” ಎಂದರು. ಇಷ್ಟೇ ತಾನೇ ಎಂದು ಕುಣಿಯುತ್ತಾ ಬಂದೆ. ತಮ್ಮ ಕುರಿ ತಮ್ಮವು ಎನ್ನಲು ಯಾರಿಗೆ ಏನು ಕಷ್ಟ ಎಂದುಕೊಂಡೆ. ನನ್ನಂಥ ದಡ್ಡಿ ಇಂಜಿನಿಯರಿಂಗ್ ಓದುತ್ತಿದ್ದಾಳೆ ನೋಡು.

ಮೊದಲು ಉದ್ದಪ್ಪ ಕಾಕಾನ ಮನೆಗೆ ಹೋದೆ. ಕಾಕು ಚಹಾ ಕೊಟ್ಟಳು, ಚುರಮುರಿ ಕೊಟ್ಟಳು. ಕಾಕಾ ನಿನ್ನ ಮೊಣಕಾಲನ್ನು ವಿಚಾರಿಸಿದ. ಕುರಿಯ ಮಾತು ತೆಗೆದದ್ದೇ ತಡ, ಅವನ ಮುಖ ಮುಚ್ಚಿದ ಅಂಗಡಿಯಂತಾಯಿತು. “ಕುರಿ? ನಮ್ಮೂವ ಎಲ್ಲ್ಯಾವವಾ ಕುರಿ?” ಎಂದ. ನಾನು ಬಾಯಿಗೆ ಒಯ್ದ ಚುರಮುರಿಯನ್ನು ತಿರುಗಿ ತಟ್ಟೆಗೇ ಹಾಕಿದೆ. ಆಮೇಲೆ ತಿಳಿಯಿತು, ಅವನ ಮಗ ರಾಹುಲನೂ ಗೋಕಾಕದ ಕಾಲೇಜಿನಲ್ಲಿದ್ದಾನೆ, ಅವನೂ ಇದೇ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದಾನೆ. ಅವರ ಮನೆಯ ಆದಾಯದಲ್ಲಿ ಕುರಿ ಎಂಬ ಪ್ರಾಣಿಯೇ ಇಲ್ಲ. ಅಣ್ಣಾಸಾಹೇಬ ಮಾಮಾನಿಗೆ ರೇಷನ್ ಕಾರ್ಡಿನ ಚಿಂತೆ. “ಅವು ಲಕ್ಷ್ಮೀ ಇದ್ದಂಗ, ಲೆಕ್ಕಾ ಮಾಡಿ ಕಾಗದದಾಗ ಬರಸಬಾರದು” ಎಂದು ನನಗೇ ಶಾಸ್ತ್ರ ಹೇಳಿದ. ಸೋಮಶೇಖರ ಸಾವ್ಕಾರ್ರಂತೂ ತಕ್ಕಡಿಯಿಂದ ತಲೆಯನ್ನೇ ಎತ್ತಲಿಲ್ಲ. “ಅಂಗಡಿಕಾರಗ ಕುರಿ ಯಾಕ ಬೇಕವಾ? ನಿಮ್ಮಪ್ಪ ಎಲ್ಲಾ ನನ್ನೂವ ಅಂದಾನಂದ್ರ ಅವನವ ಇರಬೇಕು” ಎಂದರು. ಹೋದ ಯುಗಾದಿಗೆ ಇದೇ ಮನುಷ್ಯ ನಮ್ಮ ದೊಡ್ಡಿಯಲ್ಲಿ ಬಗ್ಗಿ ಬಗ್ಗಿ ಒಂದೊಂದು ಮರಿಯ ಕಿವಿ ಹಿಡಿದು ಎಣಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡು ದಿನ ಹೀಗೆ ಅಲೆದೆ. ಬದುಕಿರುವ ಎರಡು ನೂರಾ ನಲವತ್ತೈದು ಕುರಿಗಳಿಗೆ ಇಡೀ ತುಕ್ಕಾನಟ್ಟಿಯಲ್ಲಿ ಒಬ್ಬ ಒಡೆಯನೂ ಇಲ್ಲ! ಮನೆಗೆ ಬಂದು ಅತ್ತೆ, ಸಿಟ್ಟಿಗೇ ಅತ್ತೆ. ಬಡವರೆಂದು ತೋರಿಸಲು ಎಲ್ಲರೂ ಮುಗಿಬೀಳುವಾಗ ನನ್ನಪ್ಪ ಒಬ್ಬನೇ ಎಲ್ಲರ ಸಿರಿಯನ್ನೂ ತಲೆಯ ಮೇಲೆ ಹೊತ್ತು ನಿಂತಿದ್ದಾನೆ ಎಂದು ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಆಯಿ ಕೇಳಿಸಿಕೊಂಡಳು. ಮಗನನ್ನು ಬೈದವಳಿಗೇ ಕರೆದು ಊಟಕ್ಕೆ ಬಡಿಸಿದಳು, ಅದೇ ಆಶ್ಚರ್ಯ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಲೇ ಹೇಳಿದಳು, “ಮೂರು ಹಾಳಿ ತಗೊ. ಸಿದ್ರಾಯನ ಹಿಂಡಿನಾಗ ನಂದು ಒಂದೂ ಕುರಿ ಇಲ್ಲ ಅಂತ ಬರಿ.” ನಿನ್ನ ಹೆಸರು ಕೇಳಿ ನಾನು ಯಾಕೆ ಎಂದೆ. “ಬರಿ ಅಂದ್ರ ಬರಿ” ಎಂದಳು. ಬರೆದೆ. ಹಣೆಗೆ ಭಂಡಾರ ಹಚ್ಚಿಕೊಂಡು, ಕೋಲು ಹಿಡಿದು ನನ್ನನ್ನೂ ಕರೆದುಕೊಂಡು ಹೊರಟಳು. ಮೂರೂ ಮನೆಯಲ್ಲಿ ಒಂದೇ ಮಾತು: “ನೀವು ಕುರಿ ಇಲ್ಲ ಅಂದ್ರೆಲ್ಲ, ಅದಕ್ಕೊಂದು ಸಹಿ ಹಾಕ್ರಿ, ಹುಡುಗಿ ಕಾಲೇಜಿಗೆ ಬೇಕಂತ.” ಉದ್ದಪ್ಪ ಕಾಕಾ ಖುಷಿಯಿಂದ ಸಹಿ ಹಾಕಿದ, ತನ್ನ ಅರ್ಜಿಗೆ ಇದರದೇ ಇನ್ನೊಂದು ಪ್ರತಿಯೂ ಇರಲಿ ಎಂದು ಕೇಳಿದ. ಅಣ್ಣಾಸಾಹೇಬ ಮಾಮಾ ಹಾಕಿದ. ಸಾವ್ಕಾರ್ರು ಅಂಗಡಿಯ ಶಿಕ್ಕಾ ಸಮೇತ ಹಾಕಿದರು. ಆಯಿ ಮೂರೂ ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಟ್ಟಗೆ ಬೀರಪ್ಪನ ಗುಡಿಯ ಕಟ್ಟೆಗೆ ಹೋಗಿ ಕೂತಳು. ಅಲ್ಲಿ ಊರಿನ ಅರ್ಧ ಗಂಡಸರು ಇದ್ದರು. ಎಲೆಗೆ ಸುಣ್ಣ ಹಚ್ಚುತ್ತಾ, ಯಾರಿಗೋ ಹೇಳಿದಂತೆ ಹೇಳಿದಳು, “ನಮ್ಮ ಸಿದ್ರಾಯನ ದೈವ ತೆರೀತ ನೋಡ್ರಪಾ. ಎಲ್ಲಾ ಕುರೀನೂ ಅವನೂವ ಅಂತ ಮೂರೂ ಮಂದಿ ಬರದ ಕೊಟ್ಟಾರ. ಇನ್ನ ಯುಗಾದಿಗೆ ಮರಿ ಕೇಳಾಕ ಯಾರೂ ಬರೂದಿಲ್ಲ.” ಅಷ್ಟೇ. ಎದ್ದು ಮನೆಗೆ ಬಂದಳು.

ಮರುದಿನ ನಾನು ಅಂಗಳಕ್ಕೆ ನೀರು ಹಾಕಿ ಮುಗಿಸಿರಲಿಲ್ಲ, ಉದ್ದಪ್ಪ ಕಾಕಾ ಬಾಗಿಲಲ್ಲಿ ನಿಂತಿದ್ದ. ಅಂಗಿಯ ಗುಂಡಿ ಕೂಡ ಸರಿ ಹಾಕಿರಲಿಲ್ಲ. ಅವನ ಹಿಂದೆಯೇ ಮಾಮಾ. ಸಾವ್ಕಾರ್ರು ಅಂಗಡಿಗೆ ಬೀಗ ಹಾಕಿ ಬಂದಿದ್ದರು, ಅಂಥದ್ದನ್ನು ನಾನು ಹುಟ್ಟಿದಂದಿನಿಂದ ನೋಡಿಲ್ಲ. “ದುಂಡವ್ವಾ, ಆ ಕಾಗದ ಕೊಡು” ಎಂದರೆ, “ತಲಾಟಿ ಸಾಹೇಬ್ರ ಮುಂದ ಖರೆ ಹೇಳಿ ಬರ್ರಿ, ಅಲ್ಲೇ ಹರದ ಕೊಡ್ತೇನಿ” ಎಂದಳು ಆಯಿ. ಅದೇ ದಿನ, ಹದಿನಾರನೇ ತಾರೀಕು, ಮೂವರೂ ಹೋಗಿ ಎಂಬತ್ತು, ಅರವತ್ತೈದು, ನೂರು ಎಂದು ಬರೆಸಿ ಬಂದರು. ರಾಹುಲನ ಅರ್ಜಿ ಏನಾಗುತ್ತದೋ ನನಗೆ ಗೊತ್ತಿಲ್ಲ. ಅವನ ಮುಖ ನೆನೆದರೆ ಸ್ವಲ್ಪ ಕೆಡುಕೆನಿಸುತ್ತದೆ. ಬಹಳ ಏನಲ್ಲ. ಆಯಿಯನ್ನು ಕಾಲೇಜಿಗೆ ಕಳಿಸಿದ್ದರೆ ಇಷ್ಟೊತ್ತಿಗೆ ಅವಳು ಜಿಲ್ಲಾಧಿಕಾರಿ ಆಗಿರುತ್ತಿದ್ದಳು.

ಇನ್ನು ಉಳಿದಿರುವುದು ನೀನೊಬ್ಬ. ನೀನು ಬಂದು, ತಲಾಟಿ ಸಾಹೇಬರ ಎದುರು ನಿಂತು, ನನ್ನ ಕುರಿ ನಲವತ್ತೊಂದು, ಉಳಿದವು ಬೇರೆಯವರವು ಎಂದು ನಿನ್ನ ಬಾಯಿಂದ ಹೇಳಿ ಸಹಿ ಮಾಡಬೇಕು. ಇದನ್ನು ಫೋನಿನಲ್ಲಿ ಮಾಡಲಾಗುವುದಿಲ್ಲ, ಆಯಿಯ ಹೆಬ್ಬೆಟ್ಟೂ ನಡೆಯುವುದಿಲ್ಲ, ಕೇಳಿ ನೋಡಿದ್ದೇನೆ. ಹಿಂಡು ಬಿಟ್ಟು ಹೇಗೆ ಬರಲಿ ಎನ್ನಬೇಡ. ನನ್ನ ಹನ್ನೆರಡನೆಯ ರಿಸಲ್ಟಿನ ದಿನ ನೀನು ಬರಲಿಲ್ಲ, ಕಾಲೇಜಿಗೆ ಸೇರಿದ ದಿನ ಆಯಿಯೇ ಬಂದಳು, ನಾನು ಒಂದು ಮಾತೂ ಆಡಲಿಲ್ಲ. ಈ ಸಲ ಆಡುತ್ತೇನೆ. ಮಾಲಿಂಗ ಕಾಕಾ ಅಲ್ಲಿಯೇ ಮೂರು ದಿನ ನಿಂತು ಕುರಿ ನೋಡಿಕೊಳ್ಳುತ್ತಾನೆ, ಅವ್ವ ಇದ್ದೇ ಇದ್ದಾಳೆ. ನೀನು ಸಂಕೇಶ್ವರಕ್ಕೆ ಬಂದು ಗೋಕಾಕದ ಬಸ್ಸು ಹಿಡಿ. ಶುಕ್ರವಾರದೊಳಗೆ ಬಂದರೆ ಹೊಸ ಪ್ರಮಾಣಪತ್ರ ಸಿಕ್ಕಿ ಅರ್ಜಿ ಹಾಕಲು ದಿನಗಳು ಉಳಿಯುತ್ತವೆ. ಪರರದು ಎಂದರೆ ತೋಳ ಒಯ್ಯುತ್ತದೆ ಎಂಬ ಅಂಜಿಕೆಯಿದ್ದರೆ ಹಿಂಡಿನ ಮುಂದೆ ಹೇಳಬೇಡ, ಕುರಿಗಳಿಂದ ನೂರು ಮೈಲಿ ದೂರ ಮೂಡಲಗಿಗೆ ಬಂದು ಹೇಳು. ತೋಳಗಳಿಗೆ ಅಲ್ಲಿಯವರೆಗೆ ಕಿವಿ ಇರಲಿಕ್ಕಿಲ್ಲ.

ಅವ್ವನಿಗೆ ನನ್ನ ನಮಸ್ಕಾರ. ಮೋತಿಗೆ ನನ್ನ ಪಾಲಿನ ಒಂದು ರೊಟ್ಟಿ ಹಾಕು. ಬೀರಪ್ಪ ನಿಮ್ಮೆಲ್ಲರನ್ನೂ ಕಾಯಲಿ, ನಿನಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ಸಿಟ್ಟಿನಲ್ಲಿದ್ದರೂ ನಿನ್ನವಳೇ ಆದ
ಕಸ್ತೂರಿ

ತಾ.ಕ.: ಮಾಲಿಂಗ ಕಾಕಾ ಗಾಡಿ ಚಾಲೂ ಮಾಡಿಕೊಂಡೇ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಬೈಯಬೇಡ. ಪತ್ರ ಕೊಡಲು ಹೋದವಳು, ತಲಾಟಿಯ ಫೋನು ಬಂದ ದಿನ ಅಪ್ಪ ಮೀಸೆ ತಿರುವಿದನೇ ಕಾಕಾ ಎಂದು ಚುಚ್ಚಿ ಕೇಳಿದೆ. ಅವತ್ತು ಹಿಟ್ಟು ಕೊಡಲು ಬಂದವನು ನಿನ್ನ ಪಕ್ಕದಲ್ಲೇ ಇದ್ದನಂತೆ. ನೀನು ಮೀಸೆ ಮುಟ್ಟಲಿಲ್ಲವಂತೆ, ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಎದ್ದು ನಿಂತು ಮಾತಾಡಿದೆಯಂತೆ. “ನಿಮ್ಮ ಮಗಳ ಕಾಲೇಜಿನ ಸಂಬಂಧ ಕೇಳಾಕತ್ತೇವಿ” ಎಂದು ತಲಾಟಿ ಸಾಹೇಬರು ಅಂದದ್ದಕ್ಕೆ, ಫೋನು ಕಾಲೇಜಿನವರೇ ಮಾಡಿದ್ದಾರೆ ಎಂದುಕೊಂಡೆಯಂತೆ. ಫೋನಿಟ್ಟ ಮೇಲೆ, “ಮುನ್ನೂರು ಅನಬೇಕಾಗಿತ್ತೇನೋ ಮಾಲಿಂಗಾ? ಕಡಿಮಿ ಆತೇನೋ? ಬಡವರ ಹುಡುಗಿ ಅಂತ ತಗದ ಹಾಕಿದ್ರ ಹ್ಯಾಂಗ?” ಎಂದು ಕೇಳಿದೆಯಂತೆ. ಅವತ್ತು ರಾತ್ರಿ ರೊಟ್ಟಿ ಮುಟ್ಟಲಿಲ್ಲವಂತೆ. ಅಪ್ಪಾ, ಡೌಲು ಎಂದು ಬರೆದಿದ್ದೇನಲ್ಲ, ಆ ಹಾಳೆಯನ್ನು ಒಲೆಗೆ ಹಾಕು, ಅವ್ವನಿಗೆ ಓದಿ ಹೇಳಬೇಡ. ನೀನು ಬಾ, ನಾನು ಪಕ್ಕದಲ್ಲೇ ನಿಂತಿರುತ್ತೇನೆ, ನಲವತ್ತೊಂದು ಅನ್ನು. ಬಡವರ ಹುಡುಗಿ ಎಂದು ನನ್ನನ್ನು ಯಾರೂ ತೆಗೆದುಹಾಕುವುದಿಲ್ಲ ಅಪ್ಪಾ. ಬಡವರೇ ಎಂದು ನೀನು ಬಂದು ಹೇಳಿದರೆ ಮಾತ್ರ ಇಟ್ಟುಕೊಳ್ಳುತ್ತಾರೆ.